ಕಿಟ್ಟಣ್ಣನ ಬೋರ್ಡು ನಿಂತ ಮಧ್ಯಾಹ್ನ

ಡೊಂಬಿವಲಿ ಪೂರ್ವದಲ್ಲಿ ಏಳು ಮಾಳಿಗೆಯ ಕಟ್ಟಡಗಳು ಎರಡು ಬಗೆಯವು: ಮೇ ತಿಂಗಳಲ್ಲಿ ಲಿಫ್ಟು ನಿಲ್ಲುವಂಥವು, ಮತ್ತು ನಮ್ಮದು. ಈ ವಿಂಗಡಣೆ ಕಿಟ್ಟಣ್ಣನವರದು. ಅದು ನಿಜವೂ ಆಗಿದ್ದುದರಿಂದ ಅವರನ್ನು ಸಹಿಸಿಕೊಳ್ಳುವುದು ನಮಗೆಲ್ಲ ಇನ್ನಷ್ಟು ಕಷ್ಟವಾಗಿತ್ತು. ಸುಳ್ಳು ಜಂಬದವನನ್ನು ಬೆನ್ನ ಹಿಂದೆ ನಕ್ಕು ಮರೆತುಬಿಡಬಹುದು. ನಿಜ ಜಂಬದವನ ಎದುರು ನಿಂತು ತಲೆಯಾಡಿಸಬೇಕಾಗುತ್ತದೆ.

ರೇಷನ್ ಕಾರ್ಡಿನಲ್ಲಿ ಅವರು ಕೃಷ್ಣ ಸಾಲ್ಯಾನ್. ಮೀಸೆ ಮೂಡುವ ಮೊದಲೇ ಕಾರ್ಕಳದ ಕಡೆಯಿಂದ ಥಾಣೆಗೆ ಬಂದು ಸೋದರಮಾವನ ಹೋಟೆಲಿನ ಒಲೆಯ ಮುಂದೆ ನಿಂತವರು. ಹಗಲೆಲ್ಲ ದೋಸೆಕಾವಲಿಯ ಎದುರು ಬೆಂದು, ಸಂಜೆ ರೇಡಿಯೊ ರಿಪೇರಿಯ ಕ್ಲಾಸಿಗೆ ಹೋಗಿ, ಕೊನೆಗೆ ನವಿಮುಂಬಯಿಯ ಒಂದು ಕಾರ್ಖಾನೆಯಲ್ಲಿ ಸರ್ಕ್ಯೂಟ್ ಬೋರ್ಡು ಜೋಡಿಸುವ ಕೆಲಸ ಹಿಡಿದರು. ಕಾರ್ಖಾನೆ ಬಾಗಿಲು ಹಾಕಿತು. ಕಿಟ್ಟಣ್ಣ ಹಾಕಲಿಲ್ಲ. ಕಲ್ಯಾಣ, ವಿಠ್ಠಲವಾಡಿಯವರೆಗೆ ತಿರುಗಿ ಲಿಫ್ಟುಗಳ ಬೋರ್ಡು ರಿಪೇರಿ ಮಾಡುವ ಸ್ವಂತ ಕಸುಬು ಶುರುಮಾಡಿದರು. ವಿಸಿಟಿಂಗ್ ಕಾರ್ಡಿನ ಮೇಲೆ "ಹೀಟ್ ಸ್ಪೆಷಲಿಸ್ಟ್" ಎಂದು ಅಚ್ಚು ಹಾಕಿಸಿಕೊಂಡರು. ಆ ಕಾರ್ಡು ಹೇಗೋ ಕೈಗೆ ಸಿಕ್ಕಿ ಸಾನಪಾಡಾದ ಹೆಂಗಸೊಬ್ಬಳು ಫೋನು ಮಾಡಿ, ಮಗನಿಗೆ ಮೈಯುಷ್ಣ, ಬಾಯಿತುಂಬ ಹುಣ್ಣು, ಏನು ಮಾಡುವುದು ಎಂದು ಕೇಳಿದ್ದಳಂತೆ. ಬೇರೆಯವರಾಗಿದ್ದರೆ ರಾಂಗ್ ನಂಬರ್ ಎಂದು ಇಟ್ಟುಬಿಡುತ್ತಿದ್ದರು. ಕಿಟ್ಟಣ್ಣ ಜೀರಿಗೆ ನೀರು, ರಾಗಿ ಅಂಬಲಿ ಹೇಳಿದ್ದಲ್ಲದೆ, "ಗಾಳಿ ಆಡುವಲ್ಲಿ ಮಲಗಿಸಿ, ಗೋಡೆಗೆ ತಾಗಿಸಬೇಡಿ" ಎಂದೂ ಸೇರಿಸಿದ್ದರು. ಅವರ ಶಾಸ್ತ್ರದಲ್ಲಿ ಹುಡುಗನಿಗೂ ಬೋರ್ಡಿಗೂ ಮದ್ದು ಒಂದೇ.

ಗೊತ್ತಿಲ್ಲದವರಿಗಾಗಿ ಹೇಳಬೇಕು. ನಮ್ಮಂಥ ಕಟ್ಟಡಗಳಲ್ಲಿ ಲಿಫ್ಟನ್ನು ಎಳೆಯುವ ಯಂತ್ರವೂ, ಅದಕ್ಕೆ ಹತ್ತು, ಇಳಿ, ನಿಲ್ಲು ಎಂದು ಹೇಳುವ ಬೋರ್ಡೂ ಇರುವುದು ಟೆರೇಸಿನ ಮೇಲಿನ ಒಂದು ಗೂಡಿನಲ್ಲಿ. ಅದಕ್ಕೆ ಮಿಷಿನ್ ರೂಮು ಎಂದು ಹೆಸರು. ಮೇಲಿನಿಂದ ಬಿಸಿಲು, ಒಳಗಿನಿಂದ ಮೋಟಾರಿನ ಕಾವು. ಮೇ ತಿಂಗಳಲ್ಲಿ ಅದು ರೂಮಲ್ಲ, ಒಲೆ. ಬೋರ್ಡಿನ ಮೇಲೆ ಕೆಪಾಸಿಟರ್ ಎಂಬ ಪುಟ್ಟ ಪುಟ್ಟ ಡಬ್ಬಿಗಳಿರುತ್ತವೆ. ಅವುಗಳ ಹೊಟ್ಟೆಯಲ್ಲಿ ಸ್ವಲ್ಪ ಪಸೆ ಇರುತ್ತದೆ. ಕಾವಿಗೆ ಆ ಪಸೆ ಆರುತ್ತ ಆರುತ್ತ, ಡಬ್ಬಿಯ ತಲೆ ಉಬ್ಬಿ, ಒಂದು ಮಧ್ಯಾಹ್ನ ಬೋರ್ಡಿಗೆ ಬುದ್ಧಿ ಕೆಡುತ್ತದೆ. ಆಗ ಲಿಫ್ಟು ಎರಡು ಮಾಳಿಗೆಗಳ ನಡುವೆ, ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂದು, ನಿಂತುಬಿಡುತ್ತದೆ.

ನಮ್ಮ ಕಟ್ಟಡದ ಬೋರ್ಡನ್ನು ಕಿಟ್ಟಣ್ಣ ತಾವೇ ಹೊಸದಾಗಿ ಕಟ್ಟಿದ್ದರು. ಹೆಚ್ಚು ಕಾವು ತಡೆಯುವ ಕೆಪಾಸಿಟರುಗಳನ್ನೇ ಹುಡುಕಿ ತಂದು, ಬಿಸಿಯಾಗುವ ಭಾಗಗಳಿಂದ ದೂರ ಕೂರಿಸಿದ್ದರು. ಬಿಸಿಗಾಳಿ ತಾನಾಗಿ ಮೇಲೇರಿ ಹೋಗಲಿ ಎಂದು ಬೋರ್ಡನ್ನು ಮಲಗಿಸದೆ ನಿಲ್ಲಿಸಿದ್ದರು. ಕಾರ್ಖಾನೆಗಳ ಕಡೆಯಿಂದ ಬೀಸುವ ಗಾಳಿಗೆ ತಾಮ್ರ ಕಪ್ಪಾಗದಿರಲೆಂದು ಮೇಲೊಂದು ವಾರ್ನಿಷ್ ಬಳಿದಿದ್ದರು. ರೂಮಿನ ಒಂದು ಗೋಡೆಯ ಜಾಲರಿಯಿಂದ ಗಾಳಿ ಒಳಗೆ, ಎದುರು ಗೋಡೆಯ ಜಾಲರಿಯಿಂದ ಫ್ಯಾನಿನ ಮೂಲಕ ಹೊರಗೆ. ಇಷ್ಟೆಲ್ಲ ಮಾಡಿಯೂ ಕಾವು ಮಿತಿ ಮೀರಿದರೆ, ಬೋರ್ಡು ಲಿಫ್ಟನ್ನು ಹತ್ತಿರದ ಮಾಳಿಗೆಗೆ ತಂದು, ಬಾಗಿಲು ತೆರೆದು, ರೂಮು ತಣಿಯುವ ತನಕ ಅಲ್ಲಾಡದೆ ನಿಲ್ಲಬೇಕು. ಯಾರೂ ನಡುವೆ ಸಿಕ್ಕಿಬೀಳಬಾರದು. ಅಂಥ ಪ್ರಸಂಗ ಬಂದೇ ಇರಲಿಲ್ಲ, ಆ ಮಾತು ಬೇರೆ.

ಬೋರ್ಡನ್ನು ಮೇಲಕ್ಕೆ ಒಯ್ಯುವ ಮೊದಲು ಅದನ್ನು ಬೇಯಿಸಿ ನೋಡುವ ಪದ್ಧತಿಯೊಂದು ಅವರಲ್ಲಿತ್ತು. ಅದಕ್ಕಾಗಿ, ಮುಚ್ಚಿಹೋದ ಒಂದು ಹೋಟೆಲಿನಿಂದ ವಡೆ ಬೆಚ್ಚಗಿಡುವ ಗಾಜಿನ ಕಪಾಟು ತಂದು ಅಡುಗೆಮನೆಯ ಮೂಲೆಯಲ್ಲಿ ಇಟ್ಟಿದ್ದರು. ಅದರೊಳಗೆ ಬೋರ್ಡು ದಿನಗಟ್ಟಲೆ ಕುಳಿತು ಬೆವರುತ್ತಿತ್ತು. ಅವರ ಹೆಂಡತಿ ಜಯಲತಕ್ಕ ಒಗ್ಗರಣೆ ಹಾಕುತ್ತ ಅತ್ತ ಬಗ್ಗಿ ನೋಡಿ, "ಓಯ್, ನಿಮ್ಮ ಮಗುವಿಗೆ ಇವತ್ತು ಎಷ್ಟು ಜ್ವರ?" ಎಂದು ಕೇಳುತ್ತಿದ್ದರು.

ಅವರಿಗೆ ಮಕ್ಕಳಿರಲಿಲ್ಲ. ಆ ಮಾತನ್ನು ಜಯಲತಕ್ಕನೇ ಹೀಗೆ ಎತ್ತಿ ಆಡಿಬಿಡುತ್ತಿದ್ದುದರಿಂದ ಬೇರೆ ಯಾರೂ ಆಡುವ ಹಾಗಿರಲಿಲ್ಲ. ಜಯಲತಕ್ಕ ನಗಿಸದ ಜಾಗವೇ ಇರಲಿಲ್ಲ. ಒಮ್ಮೆ ನಮ್ಮ ಕನ್ನಡ ಸಂಘದಲ್ಲಿ ಕಿಟ್ಟಣ್ಣನವರ ಉಪನ್ಯಾಸ, "ಉಷ್ಣ ಮತ್ತು ನಾವು". ಜನ ಕಾಫಿಗೆ ಕಾಯುತ್ತ ಕೂತಿದ್ದರು. ಕಿಟ್ಟಣ್ಣ ಕೈಯೆತ್ತಿ, "ಹತ್ತು ಡಿಗ್ರಿ ಕಾವು ಏರಿದರೆ ಕೆಪಾಸಿಟರಿನ ಆಯುಷ್ಯ ಅರ್ಧ! ಮನುಷ್ಯನದ್ದೂ ಹಾಗೆಯೇ!" ಎಂದು ಘೋಷಿಸಿದರು. ಮೊದಲ ಸಾಲಿನಿಂದ ಜಯಲತಕ್ಕ, "ಹಾಗಾದ್ರೆ ಏಳನೇ ಮಾಳಿಗೆಯ ನಾವಿಬ್ರು ಸತ್ತು ಎಷ್ಟು ವರ್ಷ ಆಯ್ತು ಅಂತ ಲೆಕ್ಕ ಹಾಕಿ ಹೇಳಿ" ಎಂದರು. ಉಪನ್ಯಾಸ ಅಲ್ಲಿಗೇ ಮುಗಿಯಿತು. ಕಾಫಿ ಬೇಗ ಬಂದಿದ್ದು ಅದೊಂದೇ ಸಲ.

ಜಯಲತಕ್ಕನ ಹೃದಯದ ಕವಾಟವೊಂದು ಸರಿಯಿಲ್ಲ ಎಂದು ಗೊತ್ತಾದದ್ದು ಅದಾದ ಮೇಲೆ. ಇನ್ನು ಮೆಟ್ಟಿಲು ಹತ್ತುವಂತಿಲ್ಲ, ಇಳಿಯುವಂತಿಲ್ಲ ಎಂದರು ಡಾಕ್ಟರು. ಮನೆ ಏಳನೇ ಮಾಳಿಗೆ. ಸಂಜೆ ಕೆಳಗಿಳಿದು ಗೇಟಿನ ಬಳಿ ಚಂದ್ರಬಾಯಿಯ ಕೈಗಾಡಿಯ ಮುಂದೆ ನಿಂತು ಬದನೆಕಾಯಿ ಆರಿಸುತ್ತ ಅರ್ಧ ಗಂಟೆ ಹರಟದಿದ್ದರೆ ಜಯಲತಕ್ಕನಿಗೆ ಆ ದಿನ ದಿನವೇ ಅಲ್ಲ. ಆಸ್ಪತ್ರೆಯ ಹೋಗಿಬರುವಿಕೆಯೂ ಇತ್ತು. ಹೀಗೆ ಅವರ ಇಡೀ ಜಗತ್ತು ಒಂದು ಲಿಫ್ಟಿಗೆ ನೇತುಬಿದ್ದಿತು, ಆ ಲಿಫ್ಟು ಒಂದು ಬೋರ್ಡಿಗೆ. ಅಲ್ಲಿಂದ ಮುಂದೆ ಕಿಟ್ಟಣ್ಣನವರ ಜಂಬಕ್ಕೆ ಒಂದು ಕೆಲಸ ಸಿಕ್ಕಿತು. ಲಿಫ್ಟು ನಿಲ್ಲಬಾರದು. ಅಷ್ಟೆ. ಬೆಳಿಗ್ಗೆ ಒಮ್ಮೆ, ಊಟಕ್ಕೆ ಮೊದಲು ಒಮ್ಮೆ ಟೆರೇಸಿಗೆ ಹೋಗಿ ರೂಮಿನ ಕಾವು ನೋಡಿ ಬರುತ್ತಿದ್ದರು. ಎದುರು ಸಿಕ್ಕವರು "ಸೆಖೆ ಅಲ್ವಾ ಕಿಟ್ಟಣ್ಣ" ಎಂದರೆ, "ಮೇಲೆ ಐವತ್ತೆಂಟು ಉಂಟು ಮಾರಾಯ್ರೆ, ಬೋರ್ಡು ಆರಾಮ ಉಂಟು" ಎನ್ನುತ್ತಿದ್ದರು. ಸೆಖೆ ಆಗುತ್ತಿದ್ದುದು ನಮಗೆ ಎಂಬುದು ಅವರ ಗಮನಕ್ಕೆ ಬರುತ್ತಿರಲಿಲ್ಲ.

ಮಿಷಿನ್ ರೂಮಿನೊಳಗೆ ಒಂದು ಪೊರಕೆಯನ್ನೂ ಅವರು ಇಡಗೊಡುತ್ತಿರಲಿಲ್ಲ. ಕಟ್ಟಡದ ಮನೆಯವರೆಲ್ಲ ಸೇರಿದ ನಮ್ಮ ಸೊಸೈಟಿಯ ಸೆಕ್ರೆಟರಿ ಸುದರ್ಶನ ರಾಯರು ಬೇಲಾಪುರದ ಯಾವುದೋ ಕಚೇರಿಯಲ್ಲಿ ಸಹಿ ಹಾಕಿ ಹಾಕಿ ನಿವೃತ್ತರಾದವರು. ಈಗಲೂ ಕೆಮ್ಮುವ ಮೊದಲು ಅನುಮತಿ ಕೊಡುವವರ ಮುಖ ಮಾಡುತ್ತಾರೆ. ಅವರು ಒಂದು ವರ್ಷ ಗಣಪತಿ ಮಂಟಪದ ಥರ್ಮೊಕೋಲನ್ನು ಆ ರೂಮಿನಲ್ಲಿ ಇಡಿಸಿದರು. ಕಿಟ್ಟಣ್ಣ ಅದನ್ನೆಲ್ಲ ಹೊತ್ತು ತಂದು ರಾಯರ ಬಾಗಿಲಿಗೆ ಒರಗಿಸಿ ಹೋದರು. ರಾಯರು ಬಾಗಿಲು ತೆರೆದಾಗ ಥರ್ಮೊಕೋಲಿನ ಅರಮನೆಯೊಂದು ಅವರ ಮೈಮೇಲೆ ಬಿತ್ತು.

"ಇದು ಸರಿಯಲ್ಲ ಕಿಟ್ಟಣ್ಣ, ಪ್ರೊಸೀಜರ್ ಅಂತ ಒಂದಿರುತ್ತೆ" ಎಂದರು ರಾಯರು.

"ಗಾಳಿಗೆ ಪ್ರೊಸೀಜರ್ ಗೊತ್ತಿಲ್ಲ ರಾಯ್ರೆ. ದಾರಿ ಕಟ್ಟಿದ್ರೆ ಅದು ನಿಲ್ತದೆ. ಅದು ನಿಂತ್ರೆ ಲಿಫ್ಟು ನಿಲ್ತದೆ. ಲಿಫ್ಟು ನಿಂತ್ರೆ ನನ್ನ ಹೆಂಡತಿಯನ್ನು ನೀವು ಹೊರ್ತೀರಾ?"

ಇನ್ನು ಹಪ್ಪಳದ ವಿಷಯ. ನಮ್ಮ ಊರಿನ ಹೆಂಗಸರಿಗೆ ಮೇ ತಿಂಗಳು ಎಂದರೆ ಹಲಸಿನ ಹಪ್ಪಳ. ಊರಿಂದ ಬಸ್ಸಿನಲ್ಲಿ ಹಲಸಿನಕಾಯಿ ಬರುತ್ತದೆ. ತೊಳೆ ಬಿಡಿಸಿ, ಬೇಯಿಸಿ, ರುಬ್ಬಿ, ಒತ್ತಿ, ಹಳೆ ಸೀರೆಯ ಮೇಲೆ ಟೆರೇಸಿನಲ್ಲಿ ಹರವುತ್ತಾರೆ. ಮಳೆಗಾಲ ಪೂರ್ತಿ ಕರಿದು ತಿನ್ನುತ್ತಾರೆ. ಜಯಲತಕ್ಕನಿಗೆ ಟೆರೇಸಿನ ಒಂದೇ ಒಂದು ಸಾಲು ಮೆಟ್ಟಿಲೂ ನಿಷಿದ್ಧವಾದ ಮೇಲೆ, ಅವರು ಕೂತಲ್ಲೇ ಒತ್ತುವುದು, ಕಿಟ್ಟಣ್ಣ ಹೊತ್ತು ಹೋಗಿ ಒಣಗಿಸುವುದು ಎಂದಾಯಿತು. ಹೀಟ್ ಸ್ಪೆಷಲಿಸ್ಟರು ಟವೆಲು ಬೀಸಿ ಪಾರಿವಾಳ ಓಡಿಸುವುದನ್ನು ನಾವು ಕಣ್ತುಂಬ ನೋಡಿದೆವು.

ಆ ವರ್ಷ ಮೇ ಕೊನೆಗೆ ಮೋಡ ಕವಿಯಿತು. ಮಳೆಯಿಲ್ಲ, ಬಿಸಿಲಿಲ್ಲ, ಬರೀ ಬೇಗೆ. ಹಪ್ಪಳ ಹಸಿಯಾಗೇ ಉಳಿಯಿತು. ಮೂಲೆಗಳಲ್ಲಿ ಬೂಷ್ಟು ಕಾಣಿಸತೊಡಗಿತು. ನಾನು ಪಂಚಾಂಗ ಕೊಡಲೆಂದು ಅವರ ಮನೆಗೆ ಹೋದಾಗ ಗಂಡಹೆಂಡಿರ ನಡುವೆ ಅದೇ ಚರ್ಚೆ.

"ಅಷ್ಟು ದೊಡ್ಡ ಬಿಸಿ ರೂಮು ಉಂಟು ಅಂತ ಊರಿಗೆಲ್ಲ ಡಂಗುರ ಸಾರ್ತೀರಿ. ನನ್ನ ನಾಲ್ಕು ಹಪ್ಪಳಕ್ಕೆ ಅಲ್ಲಿ ಜಾಗ ಇಲ್ಲ" ಎಂದರು ಜಯಲತಕ್ಕ.

"ಅದು ಹಪ್ಪಳದ ರೂಮು ಅಲ್ಲ."

"ಮಾಷ್ಟ್ರೆ, ನೀವೇ ಹೇಳಿ. ಈ ವಡೆ ಕಪಾಟಿನಲ್ಲಿ ಬೋರ್ಡು ಇಡ್ಬಹುದಂತೆ. ಬೋರ್ಡಿನ ಕಪಾಟಿನಲ್ಲಿ ಹಪ್ಪಳ ಇಡ್ಬಾರದಂತೆ. ಇದು ಯಾವ ನ್ಯಾಯ?"

ನಾನು ಶಾಲೆಯಲ್ಲಿ ಕನ್ನಡ ಪಾಠ ಹೇಳುವವನು. ನ್ಯಾಯ ನನ್ನ ವಿಷಯವಲ್ಲ ಎಂದೆ. ಜಯಲತಕ್ಕ ನಗಲು ಹೋಗಿ ಉಸಿರು ಸಾಲದೆ ಗೋಡೆ ಹಿಡಿದುಕೊಂಡರು. ಕಿಟ್ಟಣ್ಣ ಅದನ್ನು ನೋಡಿದರು.

ಮರುದಿನ ಮಧ್ಯಾಹ್ನ ಅವರು ಸೋತರು. ಒಂದು ಚೌಕಟ್ಟಿಗೆ ಸೀರೆ ಬಿಗಿದು, ಹಪ್ಪಳ ಹರವಿ, ಮಿಷಿನ್ ರೂಮಿನೊಳಗೆ ಬಿಸಿಗಾಳಿ ಹೊರಗೆ ಹೋಗುವ ಜಾಲರಿಗೇ ಒರಗಿಸಿದರು. ಕಾವು ಎಲ್ಲಕ್ಕಿಂತ ಚೆನ್ನಾಗಿರುವ ಜಾಗ ಅದೇ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಊಟ ಮುಗಿಸಿ ಬಂದು ತೆಗೆದರಾಯಿತು ಎಂದು ಕೆಳಗಿಳಿದರು. ಅಂದೇ ನಾಲ್ಕನೇ ಮಾಳಿಗೆಗೆ ಹೊಸ ಬಾಡಿಗೆಯವರು ಬರುತ್ತಿದ್ದರು. ಕಪಾಟು, ಮಂಚ, ಫ್ರಿಜ್ಜು ಎಂದು ಲಿಫ್ಟು ಬಿಡುವಿಲ್ಲದೆ ಮೇಲೆ ಕೆಳಗೆ ಓಡುತ್ತಿತ್ತು. ಓಡಿದಷ್ಟೂ ಮೇಲೆ ಕಾವು. ಆ ಕಾವಿಗೆ ದಾರಿಯಿರಲಿಲ್ಲ.

ಊಟದ ತಟ್ಟೆಯ ಮುಂದೆಯೇ ಜಯಲತಕ್ಕನಿಗೆ ಎದೆ ಹಿಡಿಯಿತು. ಕಿಟ್ಟಣ್ಣ ಅವರನ್ನು ತಬ್ಬಿಕೊಂಡು ಹೊರಗೆ ತಂದು ಲಿಫ್ಟಿನ ಗುಂಡಿ ಒತ್ತಿದರು. ಬರಲಿಲ್ಲ. ಮತ್ತೆ ಒತ್ತಿದರು. ಕೆಳಗಿನಿಂದ ವಾಚ್‌ಮನ್ ಹುಲಗಪ್ಪ ಕೂಗಿದ: "ಲಿಫ್ಟ್ ಮೂರನೇದ್ರಾಗ ಬಾಗ್ಲ ತಗದು ನಿಂತೈತ್ರೀ ಅಣ್ಣಾರ! ಎಷ್ಟ್ ಒತ್ತಿದ್ರೂ ಒಲ್ಲೆ ಅಂತೈತಿ!"

ಮೂರನೇ ಮಾಳಿಗೆ ನನ್ನದು. ನಾನು ಹೊರಗೆ ಬಂದಾಗ ಲಿಫ್ಟು ದೀಪ ಹಚ್ಚಿಕೊಂಡು, ಬಾಗಿಲು ತೆರೆದು, ಬಾಡಿಗೆಯವರ ಒಂದು ಹಾಸಿಗೆ ಸುರುಳಿಯನ್ನು ಒಳಗಿಟ್ಟುಕೊಂಡು ಶಾಂತವಾಗಿ ನಿಂತಿತ್ತು. ಮೇಲೆ ಓಡಿದೆವು. ಹುಲಗಪ್ಪ ತನ್ನ ಕೆಂಪು ಪ್ಲಾಸ್ಟಿಕ್ ಕುರ್ಚಿ ತಂದಿದ್ದ. ಜಯಲತಕ್ಕನನ್ನು ಅದರಲ್ಲಿ ಕೂರಿಸಿ, ಮುಂದೆ ಹುಲಗಪ್ಪ, ಹಿಂದೆ ನಾನು ಮತ್ತು ಸುದರ್ಶನ ರಾಯರು ಹಿಡಿದೆವು. ಹೌದು, ರಾಯರು. ಪ್ರೊಸೀಜರ್ ಎನ್ನದೆ, ಬನಿಯನ್ನಿನಲ್ಲೇ ಓಡಿ ಬಂದಿದ್ದರು. ಕಿಟ್ಟಣ್ಣ ಪಕ್ಕದಲ್ಲಿ ಹೆಂಡತಿಯ ಕೈ ಹಿಡಿದು ಇಳಿಯುತ್ತಿದ್ದರು.

"ಮದುವೆಯ ದಿಬ್ಬಣದಲ್ಲೂ ನನ್ನನ್ನು ಯಾರೂ ಹೀಗೆ ಹೊರ್ಲಿಲ್ಲ" ಎಂದರು ಜಯಲತಕ್ಕ, ಐದನೇ ಮಾಳಿಗೆಯ ತಿರುವಿನಲ್ಲಿ. ಮುಖವೆಲ್ಲ ಬೆವರು. ಆಮೇಲೆ ಗಂಡನ ಕಡೆ ತಿರುಗಿ, "ಮೇಲೆ ಹಪ್ಪಳ..." ಎಂದರು.

"ಸುಮ್ಮನಿರು ಮಾರಾಯ್ತಿ. ಮಾತಾಡ್ಬೇಡ."

ಎರಡನೇ ಮಾಳಿಗೆಗೆ ಬರುವಾಗ ಅವರ ತಲೆ ವಾಲಿತು. ಕಿಟ್ಟಣ್ಣ ಅದನ್ನು ಕೈಯಲ್ಲಿ ನೆಟ್ಟಗೆ ಹಿಡಿದುಕೊಂಡರು. ಕೆಳಗೆ ತಲಪುವವರೆಗೂ, ರಿಕ್ಷಾದಲ್ಲೂ, ಹಿಡಿದುಕೊಂಡೇ ಇದ್ದರು. ಆಸ್ಪತ್ರೆಯ ಹುಡುಗ ಡಾಕ್ಟರು ನಾಡಿ ನೋಡಿ, ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಯಾವ ಮಾಳಿಗೆ ಎಂದು ಕೇಳಿದ. ಏಳು ಎಂದೆ. "ಲಿಫ್ಟ್ ನಹೀ ಹೈ ಕ್ಯಾ?" ಎಂದ. ಅವನದು ತಪ್ಪಲ್ಲ. ಲಿಫ್ಟು ಇಲ್ಲವೇ ಎಂಬುದು ಯಾರಾದರೂ ಕೇಳುವ ಪ್ರಶ್ನೆಯೇ.

ನಾನು ಸೊಸೈಟಿಗೆ ವಾಪಸು ಬಂದಾಗ ಹುಲಗಪ್ಪ ಗೇಟಿನಲ್ಲಿ ಕಾಯುತ್ತಿದ್ದ. ಪಕ್ಕಕ್ಕೆ ಕರೆದ.

"ಸರ, ಒಂದ್ ಮಾತ್ರಿ. ನಾ ಮ್ಯಾಲ ಹೋಗಿ ನೋಡ್ದೆ. ಗಾಳಿ ಹೋಗೋ ಜಾಳಗಿಗೆ ಅಣ್ಣಾರು ಹಪ್ಪಳ ಒರಗಿಸ್ಯಾರ್ರಿ. ಒಳಗ ಕಾಲಿಡಾಕ ಆಗಲಾರದಷ್ಟು ಬೆಂಕಿ. ಅದನ್ನ ಈಕಡೆ ಸರಿಸಿದೆ. ಒಂದೀಟು ಹೊತ್ತಿಗೆ ಲಿಫ್ಟು ತಂತಾನಾ ಚಾಲೂ ಆತ್ರಿ. ಬೋರ್ಡು ಕೆಟ್ಟಿಲ್ರಿ ಸರ. ಅದು ಅವ್ರು ಹೇಳಿಕೊಟ್ಟಂಗ ಮಾಡೈತಿ."

ಬೋರ್ಡು ಕೆಟ್ಟಿರಲಿಲ್ಲ. ಕಾವು ಮಿತಿ ಮೀರಿತು, ಲಿಫ್ಟು ಹತ್ತಿರದ ಮಾಳಿಗೆಗೆ ಬಂದಿತು, ಬಾಗಿಲು ತೆರೆದು ನಿಂತಿತು. ಯಾರೂ ನಡುವೆ ಸಿಕ್ಕಿಬೀಳಲಿಲ್ಲ.

ನಾವಿಬ್ಬರೂ ಯಾರಿಗೂ ಹೇಳಲಿಲ್ಲ. ಹೇಳುವುದಿದ್ದರೆ ಅದು ಕಿಟ್ಟಣ್ಣ ಹೇಳಬೇಕಾದ ಮಾತು. ಬೊಜ್ಜದ ದಿನ, ಜಯಲತಕ್ಕನ ಉತ್ತರಕ್ರಿಯೆಯ ಊಟಕ್ಕೆ ಎಲೆಯ ಮುಂದೆ ಕೂತ ಜನ ತಲೆಗೊಂದು ಮಾತು ಆಡಿದರು. ಕೊನೆಗೆ ರಾಯರು, ನಿಜವಾದ ದುಃಖದಿಂದಲೇ, "ಎಂಥ ಬೋರ್ಡಾದರೂ ಒಂದಲ್ಲ ಒಂದಿನ ಕೈಕೊಡುತ್ತೆ ಕಿಟ್ಟಣ್ಣ. ನಿಮ್ಮ ತಪ್ಪಲ್ಲ" ಎಂದರು. ಇಷ್ಟು ವರ್ಷ ಯಾರಾದರೂ ಆ ಮಾತು ಆಡಿದ್ದರೆ ಕಿಟ್ಟಣ್ಣ ಅವರನ್ನು ಟೆರೇಸಿನವರೆಗೆ ಎಳೆದುಕೊಂಡು ಹೋಗಿ ತೋರಿಸುತ್ತಿದ್ದರು.

"ಹೌದು" ಎಂದರು ಕಿಟ್ಟಣ್ಣ. "ಬೋರ್ಡು ಕೈಕೊಟ್ಟಿತು."

ಆ ಸಂಜೆ ನಾನು ಅವರ ಮನೆಯಲ್ಲಿ ಒಬ್ಬನೇ ಉಳಿದಾಗ, ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. ಹುಲಗಪ್ಪ ನೋಡಿದ್ದಾನೆ ಎಂದೂ ಹೇಳಿದೆ. ಅವರು ವಡೆ ಕಪಾಟಿನ ಖಾಲಿ ಗಾಜನ್ನು ಅಂಗೈಯಿಂದ ಒರೆಸಿದರು.

"ಬೋರ್ಡು ಹಾಳಾಯ್ತು ಅಂದ್ರೆ ಜನ ನನ್ನನ್ನು ಬೈತಾರೆ, ಮಾಷ್ಟ್ರೆ. ಬೈಲಿ. ಹಪ್ಪಳ ಅಂದ್ರೆ ಅವಳನ್ನು ನೆನೆಸಿ ನಗ್ತಾರೆ. ಕಲ್ಯಾಣದವರೆಗೆ ನಗ್ತಾರೆ. ಪಾಪ ಜಯಲತಾ, ಹಪ್ಪಳಕ್ಕೆ ಸತ್ತಳು ಅಂತ. ಇಟ್ಟದ್ದು ನಾನು. ಆದ್ರೆ ಕಥೆಯಲ್ಲಿ ಉಳಿಯುದು ಅವಳು" ಎಂದರು.

ಮನುಷ್ಯರ ಕಾವು ಎಷ್ಟು, ನಗು ಎಲ್ಲಿಂದ ಹೊರಡುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ ಎಂದು ನಾನು ಅಂದುಕೊಂಡಿದ್ದೆ. ಗೊತ್ತಿತ್ತು.

ಸೊಸೈಟಿಯವರು ಹೊಸ ಬೋರ್ಡು ತರಿಸಿದರು. ನವಿಮುಂಬಯಿಯ ಯಾವುದೋ ಕಂಪನಿಯದು. ಉಕ್ಕಿನ ಮುಚ್ಚಿದ ಡಬ್ಬಿ, ಮೇಲೆ ಹಸಿರು ಅಕ್ಷರ ಓಡುವ ಪರದೆ. ರಾಯರು ತೆಂಗಿನಕಾಯಿ ಒಡೆದು, ರಿಬ್ಬನ್ ಕತ್ತರಿಸಿ, ತಂತ್ರಜ್ಞಾನ ಕುರಿತು ನಾಲ್ಕು ಮಾತಾಡಿದರು. ಕಿಟ್ಟಣ್ಣ ತಮ್ಮ ಬೋರ್ಡನ್ನು ಕಳಚಿ, ಹಳೆ ಪಂಚೆಯಲ್ಲಿ ಸುತ್ತಿ, ಮನೆಗೆ ಒಯ್ದರು. ಸುದ್ದಿ ಬೇಗ ಹಬ್ಬಿತು. ಸ್ವಂತ ಕಟ್ಟಡದಲ್ಲೇ, ಸ್ವಂತ ಹೆಂಡತಿಗೇ ಕೈಕೊಟ್ಟ ಬೋರ್ಡು ಎಂದ ಮೇಲೆ ಬೇರೆಯವರು ಯಾಕೆ ಕರೆಯುತ್ತಾರೆ? ಒಂದೊಂದೇ ಕಟ್ಟಡ ತಪ್ಪಿಹೋಯಿತು. ಹೀಟ್ ಸ್ಪೆಷಲಿಸ್ಟರು ಮನೆಮನೆಯ ಮಿಕ್ಸರ್, ಇಸ್ತ್ರಿಪೆಟ್ಟಿಗೆ ರಿಪೇರಿಗೆ ಇಳಿದರು. ಸೆಖೆ ಅಲ್ವಾ ಎಂದರೆ "ಹೌದು" ಎನ್ನುತ್ತಿದ್ದರು, ಎಲ್ಲರ ಹಾಗೆ. ನಮಗೆ ಆ ಐವತ್ತೆಂಟರ ಮಾತು ಬೇಕಾಗಿತ್ತು ಎಂದು ಆಗ ಗೊತ್ತಾಯಿತು.

ಹೊಸ ಬೋರ್ಡು ಮಳೆಗಾಲದಲ್ಲಿ ಓಡಿತು, ಚಳಿಯಲ್ಲಿ ಓಡಿತು. ಏಪ್ರಿಲ್ ಮುಗಿಯುತ್ತಲೇ ಲಿಫ್ಟು ನಿಲ್ಲತೊಡಗಿತು. ಅದೂ ಮಾಳಿಗೆಗಳ ನಡುವೆ. ಮುಚ್ಚಿದ ಡಬ್ಬಿಯೊಳಗಿನ ಕಾವು ಹೊರಗೆ ಬರುತ್ತಿರಲಿಲ್ಲ. ಕಂಪನಿಯ ಇಂಜಿನಿಯರು ಬಂದು, ಡಬ್ಬಿಯ ಬಾಗಿಲು ತೆರೆದು, ಅವತ್ತಿನ ಪೇಪರಿನಿಂದ ಗಾಳಿ ಬೀಸಿ, "ಹೊರಗಿನ ಟೆಂಪರೇಚರೇ ಜಾಸ್ತಿ" ಎಂದು ಮೇ ತಿಂಗಳನ್ನು ದೂರಿ ಹೋಗುತ್ತಿದ್ದ.

ಆರನೇ ಮಾಳಿಗೆಯ ದಿಶಾ ಆಗ ತುಂಬು ಬಸುರಿ. ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಒಂದು ಮಧ್ಯಾಹ್ನ ಲಿಫ್ಟು ನಿಂತಿದ್ದಾಗ ಆಸ್ಪತ್ರೆಯಿಂದ ಬಂದವಳು ಮೆಟ್ಟಿಲು ಹತ್ತುತ್ತ ನಾಲ್ಕನೇ ಮಾಳಿಗೆಯಲ್ಲಿ ಕುಸಿದು ಕೂತಳು. ಹುಲಗಪ್ಪ ಓಡಿಹೋಗಿ ಕುರ್ಚಿ ತಂದ. ಅವನ ಬಳಿ ಇದ್ದದ್ದು ಅದೊಂದೇ, ಆ ಕೆಂಪು ಕುರ್ಚಿ. ಕಿಟ್ಟಣ್ಣ ಮೇಲಿನಿಂದ ಇಳಿಯುತ್ತಿದ್ದರು. ದಿಶಾಳನ್ನು ನೋಡಿದರು, ಕುರ್ಚಿಯನ್ನು ನೋಡಿದರು.

"ಬೇಡ, ಅದರಲ್ಲಿ ಕೂರಿಸಬೇಡಿ" ಎಂದರು. ಅಲ್ಲೇ ಮೆಟ್ಟಿಲ ಮೇಲೆ ಅವಳ ಪಕ್ಕ ಕೂತು, ಕೈಯಲ್ಲಿದ್ದ ಚೀಲದಿಂದ ಗಾಳಿ ಬೀಸಿದರು.

"ಅಂಕಲ್, ಮೈ ಠೀಕ್ ಹೂಂ" ಎಂದಳು ಹುಡುಗಿ. ಅವಳ ಕೆನ್ನೆ ಬಿಳಿಚಿತ್ತು.

ಆ ಭಾನುವಾರ ಪಾರ್ಕಿಂಗಿನಲ್ಲಿ ಮೀಟಿಂಗು. ಇನ್ನೂ ದೊಡ್ಡ ಕಂಪನಿಯ ಇನ್ನೂ ಹೊಳೆಯುವ ಡಬ್ಬಿ ತರಿಸೋಣ, ಬರಲು ಮಳೆಗಾಲ ದಾಟುತ್ತದೆ ಎಂದು ರಾಯರು ವಿವರಿಸುತ್ತಿದ್ದರು. ಕೊನೆಯ ಸಾಲಿನಿಂದ ಕಿಟ್ಟಣ್ಣ ಎದ್ದರು.

ನಮ್ಮ ಸೊಸೈಟಿಯಲ್ಲಿ ಎಲ್ಲ ಭಾಷೆಯವರೂ ಇರುವುದರಿಂದ ಮೀಟಿಂಗು ಹಿಂದಿಯಲ್ಲಿ. ಕಿಟ್ಟಣ್ಣನವರ ಹಿಂದಿ ಹೋಟೆಲಿನಲ್ಲಿ ಕಲಿತದ್ದು. ಗಿರಾಕಿಗೆ ಏನು ಬೇಕು ಎಂದು ಕೇಳಲು ಸಾಕು, ಇಂಥ ಮಾತಿಗೆ ಸಾಲದು. ಅವರು ಅದರಲ್ಲೇ ತಡವರಿಸುತ್ತ ಹೇಳಿದರು: ನನ್ನ ಬೋರ್ಡು ಅವತ್ತು ಕೆಟ್ಟಿರಲಿಲ್ಲ. ಕೆಟ್ಟಿತು ಎಂದು ನಾನು ಸುಳ್ಳು ಹೇಳಿದೆ. ಅದು ಈಗಲೂ ಮನೆಯಲ್ಲಿ ಸರಿಯಾಗಿದೆ. ನಾಳೆಯೇ ಕೂರಿಸುತ್ತೇನೆ.

"ಮತ್ತೆ ಅವತ್ತು ನಿಂತದ್ದು ಯಾಕೆ?" ಎಂದರು ರಾಯರು, ಆತುರದಲ್ಲಿ ಕನ್ನಡಕ್ಕೇ ಇಳಿದು.

ಕಿಟ್ಟಣ್ಣ ಸುತ್ತ ನೋಡಿದರು. ನಾನು ತಲೆ ತಗ್ಗಿಸಿದೆ.

"ಹವಾ ಕಾ ಜಾಲೀ ಪೇ..." ಎಂದರು. "ಹಮ್ ಪಾಪಡ್ ರಖಾ."

ಯಾರಿಗೂ ಅರ್ಥವಾಗಲಿಲ್ಲ. "ಕ್ಯಾ ರಖಾ?" ಎಂದಿತು ಒಂದು ದನಿ.

"ಪಾಪಡ್. ಮೇರಾ ಮಿಸೆಸ್ ಕಾ ಪಾಪಡ್. ಸುಖಾನೇ ಕೋ."

ಎಲ್ಲೋ 'ಫುಸ್' ಎಂದು ಒಂದು ನಗು ಹೊರಬಿತ್ತು. ನಕ್ಕವನು ತಕ್ಷಣ ಕೆಮ್ಮಿದ. ಕೆಮ್ಮು ಕೇಳಿ ಇನ್ನೊಬ್ಬನಿಗೆ ತಡೆಯಲಾಗಲಿಲ್ಲ. ಅವರು ಕೆಟ್ಟವರಲ್ಲ. ಜಯಲತಕ್ಕ ತೀರಿಕೊಂಡಾಗ ಅವರೂ ಅತ್ತಿದ್ದರು. ಆದರೆ ಹಪ್ಪಳ ಎನ್ನಿ, ಪಾಪಡ್ ಎನ್ನಿ, ಆ ಮಾತು ಸಾವಿನ ಪಕ್ಕದಲ್ಲಿ ನಿಲ್ಲುವಂಥದಲ್ಲ. ಕಿಟ್ಟಣ್ಣ ನಗು ಮುಗಿಯುವ ತನಕ ಕಾದರು, ರೂಮು ತಣಿಯಲೆಂದು ಕಾಯುವವರ ಹಾಗೆ. ಆಮೇಲೆ, "ತೋ ಕಲ್ ಬಿಠಾತಾ ಹೂಂ" ಎಂದು ಹೇಳಿ ಕೂತರು. ರಾಯರು ಮೈಕನ್ನು ಕೆಳಗಿಟ್ಟು, ಎದ್ದು ಬಂದು, ಅವರ ಪಕ್ಕದ ಕುರ್ಚಿಯಲ್ಲಿ ಕೂತರು. ಏನೂ ಹೇಳಲಿಲ್ಲ. ರಾಯರ ಬಾಳಿನಲ್ಲಿ ಅದು ಅಪರೂಪದ ಘಟನೆ.

ಮರುದಿನ ನಾನು ಟೆರೇಸಿಗೆ ಹೋಗಿ ಟಾರ್ಚು ಹಿಡಿದೆ. ಕಿಟ್ಟಣ್ಣ ಬೋರ್ಡನ್ನು ಕೂರಿಸಿದರು, ತಂತಿಗಳನ್ನು ಒಂದೊಂದಾಗಿ ಬಿಗಿದರು, ಫ್ಯಾನಿನ ಧೂಳು ಒರೆಸಿದರು. ಕಾವಿನ ಮಿತಿಯನ್ನು ಹೇಳುವ ಪುಟ್ಟ ಸ್ಕ್ರೂ ಒಂದಿತ್ತು. ಅದರ ಮೇಲೆ ಸ್ಕ್ರೂಡ್ರೈವರಿಟ್ಟು ಸುಮ್ಮನೆ ನಿಂತರು.

"ಸ್ವಲ್ಪ ಮೇಲೆ ಮಾಡಬಹುದಲ್ಲ?" ಎಂದೆ. "ಅಷ್ಟು ಬೇಗ ನಿಲ್ಲದ ಹಾಗೆ."

"ಮೇಲೆ ಮಾಡಿದ್ರೆ ಬೋರ್ಡು ಸುಡ್ತದೆ. ನಡುವೆ ನಿಲ್ತದೆ, ಒಳಗೆ ಜನ ಇರುವಾಗ." ಸ್ಕ್ರೂಡ್ರೈವರನ್ನು ತೆಗೆದರು. ಸ್ಕ್ರೂ ಇದ್ದಲ್ಲೇ ಇತ್ತು. "ಅದು ಸರಿ ಮಾಡಿದೆ ಮಾಷ್ಟ್ರೆ. ತಪ್ಪಿದ್ದಿದ್ರೆ ನನಗೆ ಬೈಲಿಕ್ಕೆ ಒಂದು ಬೋರ್ಡಾದ್ರೂ ಇರ್ತಿತ್ತು."

ಸ್ವಿಚ್ಚು ಹಾಕಿದರು. ಯಂತ್ರ ಗುನುಗುಟ್ಟಿತು, ಹಗ್ಗಗಳು ಸರಿದವು. ಲಿಫ್ಟಿನ ಹೊಂಡದಿಂದ ಕೆಳಗಿನ ದನಿಗಳು ಮೇಲೆ ಬರುತ್ತವೆ. ದಿಶಾಳನ್ನು ಯಾರೋ ಒಳಗೆ ಕರೆಯುತ್ತಿದ್ದರು. ಬಾಗಿಲು ಸರಿದ ಸದ್ದು. ಆಮೇಲೆ ಒಂದು ಮಗು ಕಿರುಚಿತು: "ಪಾಪಡ್ ಲಿಫ್ಟ್ ಚಾಲೂ ಹೋ ಗಯೀ!" ದೊಡ್ಡವರು ಯಾರೋ ಗದರಿದರು. ಗದರಿದವರ ದನಿಯಲ್ಲೂ ನಗುವಿತ್ತು.

ನಾನು ಕಿಟ್ಟಣ್ಣನ ಮುಖ ನೋಡದಿರಲು ಟಾರ್ಚು ಆರಿಸಿದೆ.

"ಅವಳಿದ್ದಿದ್ರೆ ಎಲ್ಲರಿಗಿಂತ ಜೋರಾಗಿ ನಗ್ತಿದ್ದಳು" ಎಂದರು ಅವರು. "ಅದೇ ನನಗೆ ತಡೆಯುದಿಲ್ಲ."

ಲಿಫ್ಟು ಆರನೇ ಮಾಳಿಗೆಗೆ ಬಂದು ನಿಂತಿತು, ಮತ್ತೆ ಇಳಿಯಿತು. ನಾನು ಹೊರಡೋಣವೇ ಎಂದೆ.

"ನೀವು ಹೋಗಿ. ಲಿಫ್ಟಿನಲ್ಲೇ ಹೋಗಿ, ಹೆದರಬೇಡಿ" ಎಂದರು ಕಿಟ್ಟಣ್ಣ. "ನನಗೆ ಇಲ್ಲಿ ಸ್ವಲ್ಪ ಕೆಲಸ ಉಂಟು."

ಕೆಲಸವೆಲ್ಲ ಮುಗಿದಿತ್ತು. ನಾನು ಏಳನೇ ಮಾಳಿಗೆಗೆ ಇಳಿದು, ಲಿಫ್ಟು ಹತ್ತಿ, ಗುಂಡಿ ಒತ್ತಿದೆ. ಅದು ಎಲ್ಲೂ ತಡೆಯದೆ ನನ್ನನ್ನು ಇಳಿಸಿತು.